ಹಿಂದಿನ ಸೀಟಿನ ಕಿಟಕಿ

ಅಪ್ಪಾಜಿ,

ನಾನು ಏಳೂವರೆಯ ಬಸ್ಸಿಗೆ ಮಡಿಕೇರಿಯ ಕಾಲೇಜಿಗೆ ಹೊರಟಿದ್ದೇನೆ. ನಿಮ್ಮ ಆಧಾರ್ ಜೆರಾಕ್ಸ್ ಮತ್ತು ಫೋಟೋ ಈ ಚೀಟಿಯ ಕೆಳಗಿವೆ. ಇಂದು ಷೋರೂಮಿನಲ್ಲಿ ದಯವಿಟ್ಟು ಬಿಳಿ ಗಾಡಿಯನ್ನೇ ಬುಕ್ ಮಾಡಿ.

ಸನ್‌ರೂಫ್ ಇರುವ ಕಪ್ಪು ಗಾಡಿಯ ಮೇಲೆ ನಿಮಗೂ ತಮ್ಮನಿಗೂ ಮನಸ್ಸಿದೆ ಎಂದು ಬಲ್ಲೆ. ಆದರೆ ಟೆಸ್ಟ್ ಡ್ರೈವ್ ದಿನ ಸುಂಟಿಕೊಪ್ಪದ ತಿರುವುಗಳಲ್ಲಿ ನಾನು ನೀರು ತುಂಬಿದ ಲೋಟ ಹಿಡಿದು ಹಿಂದೆ ಕುಳಿತದ್ದು ಸುಮ್ಮನೆ ಅಲ್ಲ. "ಎಂ.ಎಸ್ಸಿ. ಓದಿದ್ದು ಇದಕ್ಕಾ ಅಕ್ಕ?" ಎಂದು ಚಂದ್ರು ನಕ್ಕ. ನಗಲಿ. ಅದೇ ರಸ್ತೆ, ಅದೇ ವೇಗ. ಕಪ್ಪು ಗಾಡಿಯಲ್ಲಿ ತೊಂಬತ್ತು ಮಿಲಿ ಚೆಲ್ಲಿತು, ಬಿಳಿಯದರಲ್ಲಿ ಹದಿನೈದು.

ಅಮ್ಮ ಕೊಡ್ಲಿಪೇಟೆಯ ತವರಿಗೆ ಹೋಗದೆ ಒಂಬತ್ತು ವರ್ಷವಾಯಿತು. ಸೋಮವಾರಪೇಟೆ ತಲುಪುವ ಮೊದಲೇ ವಾಂತಿಯಾಗುತ್ತದೆಂದು ಪ್ರತಿ ಸಲವೂ ನಮ್ಮನ್ನಷ್ಟೇ ಕಳುಹಿಸಿ ಗೇಟಿನ ಬಳಿ ನಿಲ್ಲುತ್ತಾಳೆ. ಹಿಂತಿರುಗಿದಾಗ "ಅಂಗಳದ ಸಂಪಿಗೆ ಹೂ ಬಿಟ್ಟಿತ್ತಾ?" ಎಂದು ಕೇಳುತ್ತಾಳೆ. ನಾವ್ಯಾರೂ ನೋಡಿರುವುದಿಲ್ಲ.

ನಿನ್ನೆ ಎರಡೂ ಗಾಡಿಗಳ ವಿವರ ಓದಿ ಹೇಳಿದಾಗ ಅವಳು ಬೆಲೆ ಕೇಳಲಿಲ್ಲ, ಮೈಲೇಜು ಕೇಳಲಿಲ್ಲ. ಅಕ್ಕಿ ಆರಿಸುತ್ತಾ, ತಲೆಯೆತ್ತದೆ, ಒಂದೇ ಮಾತು ಕೇಳಿದಳು: "ಹಿಂದಿನ ಕಿಟಕಿ ಗಾಜು ಪೂರ್ತಿ ಇಳಿತದಾ ಮಗಳೇ?"

ಬಿಳಿಯದರಲ್ಲಿ ಇಳಿಯುತ್ತದೆ, ಅಪ್ಪಾಜಿ.

ದಿವ್ಯಶ್ರೀ