ನಾಗವೇಣಿಯ ರಿಪೋರ್ಟು

ತಾಯಲೂರು

ಚಿ. ಸೌ. ನಾಗವೇಣಿಗೆ ಮಾವನ ಆಶೀರ್ವಾದ.

ನೀನು ಫೋನ್ ತೆಗೆಯುತ್ತಿಲ್ಲ, ಅದು ಸರಿಯೇ. ಕೀಲುವಾತದ ರಕ್ತಪರೀಕ್ಷೆಯಲ್ಲಿ ನೆಗೆಟಿವ್ ಬಂದಿದ್ದಕ್ಕೆ, ಬೆರಳು ನೋವೆಲ್ಲ ನಾಟಕ ಎಂದು ನಿನ್ನನ್ನು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಕಳಿಸಿದವನು ನಾನೇ. ನೀನು ತವರಿಗೆ ಹೋದ ಮೇಲೆ ಆ ರಿಪೋರ್ಟನ್ನು ಕೋಲಾರದ ಡಾಕ್ಟರಮ್ಮನಿಗೆ ತೋರಿಸಿದೆ. "ಇದು ನೆಗೆಟಿವ್ ಬಂದ್ರೂ ಕೀಲುವಾತ ಇರಬಹುದು. ರಿಪೋರ್ಟು ತಂದಿದೀರ, ಕೈ ಎಲ್ರೀ?" ಎಂದರು.

ಅವರನ್ನು ನೋಡಲು ಸೋಮವಾರ ಒಂಬತ್ತಕ್ಕೆ ಕೋಲಾರ ಬಸ್ ಸ್ಟ್ಯಾಂಡಿಗೆ ಬಾ. ನನ್ನ ಜೊತೆ ಬರಲು ಮನಸ್ಸಿಲ್ಲದಿದ್ದರೆ ಅಣ್ಣನನ್ನು ಕರೆದುಕೊಂಡು ಬಾ, ನಾನು ದೂರ ನಿಲ್ಲುತ್ತೇನೆ.

ರೇಷ್ಮೆಹುಳು ಒಂದು ಹೊತ್ತು ಸೊಪ್ಪು ಮುಟ್ಟದಿದ್ದರೆ, ಯಾವ ಪರೀಕ್ಷೆಗೂ ಕಾಯದೆ ಕಾಯಿಲೆ ಎನ್ನುವವನು ನಾನು. ನೀನು ಬೆರಳು ಮಡಚಲಾಗದೆ ಕಾಫಿ ಲೋಟವನ್ನು ಎರಡು ಅಂಗೈಯಲ್ಲಿ ಒತ್ತಿ ಹಿಡಿಯುವುದನ್ನು ಮೂರು ತಿಂಗಳು ದಿನಾ ಬೆಳಿಗ್ಗೆ ನೋಡಿದ್ದೆ.

ನಿನ್ನ ಮಾವ,
ಮುನಿಶಾಮಪ್ಪ