ನಾನು ಮಾತು ಮರೆತಿರಲಿಲ್ಲ

ಕಲಾ ಶಿಬಿರಗಳ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

'ನಟಿ ಸಂಭಾಷಣೆ ಮರೆತರು' ಎಂದು ಷರಾ ಬರೆದು ನನ್ನನ್ನು ಕೈಬಿಟ್ಟಿದ್ದೀರಿ. ನಾನು ಮರೆತಿರಲಿಲ್ಲ. ಇದನ್ನು ಹೇಳಲು ಕಚೇರಿಗೆ ಬಂದಾಗ ತಾವು ಸಭೆಯಲ್ಲಿದ್ದಿರಿ, ಮತ್ತೊಮ್ಮೆ ಬಂದಾಗಲೂ ಸಭೆಯಲ್ಲಿದ್ದಿರಿ. ಹೀಗಾಗಿ ನಾಲ್ಕು ಜನ ಓದುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಕಲೆಯನ್ನೂ ಉದ್ಯಮದಂತೆ ಬೆಳೆಸಬೇಕು, ಬಲ್ಲವರಿಂದ ಊರೂರಲ್ಲಿ ತರಬೇತಿ ಶಿಬಿರ ನಡೆಸಬೇಕು ಎಂಬ ತಮ್ಮ ಪ್ರಕಟಣೆ ಓದಿ ಹಿಗ್ಗಿದವಳು ನಾನು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಈ ಉದ್ಯಮ ಹೇಗೆ ನಡೆಯುತ್ತದೆಂದು ಬಲ್ಲಿರಾ? ಊರಿನ ಗಂಡಸರು ಸುಗ್ಗಿ ಮುಗಿಸಿ ತಿಂಗಳುಗಟ್ಟಲೆ ನಾಟಕ ಕಲಿಯುತ್ತಾರೆ. ಪರದೆ, ಪೋಷಾಕು, ಮೈಕು ಬಾಡಿಗೆಗೆ ಬರುತ್ತವೆ. ಹೆಣ್ಣುಪಾತ್ರಕ್ಕೆ ಕೊಟ್ಟೂರಿನಿಂದ ನಾನು ಹೋಗುತ್ತೇನೆ. ಸಂಜೆ ಬಸ್ಸಿಳಿದು ಬಣ್ಣ ಹಚ್ಚಿಕೊಂಡು, ಆಗಷ್ಟೇ ಮುಖ ನೋಡಿದವನಿಗೆ ಹೆಂಡತಿಯಾಗಿ ಅತ್ತು, ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಊರೂರಿಗೂ ತಂಡವಿದೆ, ನನಗೆ ತಂಡವಿಲ್ಲ. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೆ ಅಲ್ಲಿ ಆಡಿದ್ದು ತಮ್ಮ ಬಳ್ಳಾರಿ ಜಿಲ್ಲೆಯ ಅನುಭವದ ಲೆಕ್ಕಕ್ಕೆ ಬರುವುದಿಲ್ಲವಂತೆ. ನನಗೆ ಯಾರೂ ಹೇಳಲಿಲ್ಲ, ಮೊದಲಿನಷ್ಟೇ ಅತ್ತು ಬಂದೆ.

ಶಿಬಿರ ನಡೆಸುವವರ ಆಯ್ಕೆ ಪರೀಕ್ಷೆಗೆ 'ತಂಡದೊಂದಿಗೆ ಹಾಜರಾಗತಕ್ಕದ್ದು' ಎಂದು ನಿಯಮವಿತ್ತು. ಹಲವು ನಾಟಕಗಳಲ್ಲಿ ನನಗೆ ಗಂಡನಾದ ತಂಬ್ರಹಳ್ಳಿಯ ದುರುಗಣ್ಣನನ್ನು ಕರೆದೆ. "ಸ್ಟೇಜಿನ ಮ್ಯಾಲೆ ಗಂಡ ಆಗೋದು ಬ್ಯಾರೆ ಅಕ್ಕಾ. ಹಾಡಹಗಲು ನಿನ್ನ ಜೋಡಿ ಬಳ್ಳಾರಿ ಬಸ್ಸು ಹತ್ತಿದ್ರ ಮನ್ಯಾಗ ಏನಂತ ಹೇಳ್ಲಿ?" ಎಂದ. ಅವನ ಮೇಲೆ ಸಿಟ್ಟಿಲ್ಲ. ಒಬ್ಬಳೇ ಬಂದೆ.

ಜೈಲಿಗೆ ಹೊರಟ ಗಂಡನನ್ನು ಹೆಂಡತಿ ತಡೆಯುವ ದೃಶ್ಯ ಆಡಿದೆ. "ನನ್ನನ್ನು ಯಾರ ಕೈಗೆ ಬಿಟ್ಟು ಹೊರಟಿರಿ?" ಎಂದು ಕೇಳಿ ನಿಂತೆ. ಅಲ್ಲಿ ಅವನದು ಉದ್ದನೆಯ ಉತ್ತರವಿದೆ. ಅದು ಮುಗಿಯುವವರೆಗೆ ಹೆಂಡತಿ ಕೇಳಬೇಕು, ಕೇಳುತ್ತ ಕೇಳುತ್ತ ಅವಳ ಮುಖ ಬದಲಾಗಬೇಕು. ನಾನು ಕೇಳುತ್ತಿದ್ದೆ, ಸ್ವಾಮಿ. ತಮ್ಮ ಸದಸ್ಯರೊಬ್ಬರು, "ಮುಂದಿನ ಮಾತು ನೆನಪಾಗ್ತಿಲ್ವೇನಮ್ಮಾ?" ಎಂದರು. ಪಾಪ, ಕನಿಕರದಿಂದಲೇ ಕೇಳಿದರು. ಆ ಮಾತು ನನ್ನದಲ್ಲ, ಗಂಡನದು ಎನ್ನುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಎದುರಿಗೆ ಯಾರೂ ಇಲ್ಲದಿರುವಾಗ ಇದ್ದಾರೆಂಬಂತೆ ಕೇಳಿಸಿಕೊಳ್ಳುವುದು ನಟನೆಯಲ್ಲವೇ? ಅಥವಾ ತಮ್ಮ ಉದ್ಯಮದಲ್ಲಿ ಬಾಯಿ ಆಡಿದರಷ್ಟೇ ಕೆಲಸವೇ?

ಈ ಶಿಬಿರ ನಡೆಸುವ ಕೆಲಸ ನನಗೇಕೆ ಬೇಕಿತ್ತೆಂದು ಹೇಳುತ್ತೇನೆ. ನಮ್ಮ ಓಣಿಯ ನಾಗಲಿಂಗಮ್ಮನ ಮಗಳು ಗೀತಾಂಜಲಿ ನನ್ನ ಕಿಟಕಿಯಾಚೆ ನಿಂತೇ ಎಷ್ಟೋ ಹಾಡು ಕಲಿತಿದ್ದಾಳೆ. ಒಳಗೆ ಕಳಿಸು, ನೆಟ್ಟಗೆ ಕಲಿಸುತ್ತೇನೆ ಎಂದರೆ ಅವಳ ತಾಯಿ, "ಸರ್ಕಾರದ ಶಿಬಿರ ಅಂದ್ರ ಕಳಸ್ತೀನಿ ಚೌಡಕ್ಕಾ. ನಿನ್ನ ಮನಿಗೆ ಬಂದ್ಲಂದ್ರ ನಾಳಿ ಈಕೀನ ಯಾರು ಮದುವಿ ಮಾಡ್ಕಂತಾರ?" ಎಂದಳು. ನನ್ನ ಮುಖದೆದುರೇ ಅಂದಳು. ನಾಟಕದ ದಿನ ಚಾಪೆ ಹಾಸಿ ಮುಂದೆ ಕೂರುವ ಹೆಂಗಸರು ಯಾರೂ ನನ್ನ ಹೊಸ್ತಿಲು ತುಳಿಯುವುದಿಲ್ಲ. ಅಂದು ಮನೆಗೆ ಬಂದು ಬಹಳ ಅತ್ತೆ. ತಮ್ಮದೊಂದು ಮೊಹರು ಬಿದ್ದಿದ್ದರೆ ಆ ಹುಡುಗಿ ಒಳಗೆ ಬರುತ್ತಿದ್ದಳು. ನನ್ನ ನಂತರ ಈ ಊರುಗಳ ನಾಟಕಕ್ಕೆ ಯಾರು ಹೋಗಬೇಕು? ಮೀಸೆ ಬೋಳಿಸಿ ಗಂಡಸರಿಗೇ ಸೀರೆ ಉಡಿಸುವ ಯೋಜನೆಯೇನಾದರೂ ಇದೆಯೇ?

ಆದ್ದರಿಂದ ನನ್ನ ಪರೀಕ್ಷೆ ಮತ್ತೊಮ್ಮೆ ನಡೆಸಬೇಕು. ತಂಡವಿಲ್ಲದವರು ಒಬ್ಬರೇ ಬರಬಹುದೆಂದು ನಿಯಮ ತಿದ್ದಿ, ಗಂಡನ ಮಾತು ಓದಲು ತಮ್ಮವರೊಬ್ಬರನ್ನು ಕೂರಿಸಬೇಕು. ಗುಮಾಸ್ತರಾದರೂ ಸರಿ, ಜವಾನರಾದರೂ ಸರಿ. ಚೆನ್ನಾಗಿ ಓದಬೇಕೆಂದೇನಿಲ್ಲ. ದಿನಾ ಮನೆಯಲ್ಲಿ ಒಬ್ಬಳೇ ಪ್ರಶ್ನೆ ಕೇಳಿ, ಒಬ್ಬಳೇ ಸುಮ್ಮನೆ ನಿಂತು ಸಾಕಾಗಿದೆ. ಒಮ್ಮೆ ಯಾರಾದರೂ ಉತ್ತರ ಕೊಡಲಿ.

ಇಂತಿ,
ತಾನೊಬ್ಬಳೇ ಒಂದು ತಂಡವಾಗಿರುವ
ಚೌಡಕ್ಕ
ಕೊಟ್ಟೂರು, ೨೦೦೩