ಬೆನ್ನಿನ ತುಂಡು

ಮಾರ್ಚ್ 3
ಹೊಲಿಯುತ್ತಿದ್ದ ಎರಡು ಕೋಟುಗಳಿಗೆ ಕಾಲರ್ ಕೂರಿಸಿ ಆಸ್ಪತ್ರೆಗೆ ಹೋದೆ. ಕ್ಯಾನ್ಸರ್ ಆಪರೇಷನ್ ಆಗಿ ಒಂದು ವರ್ಷ. ರೇಡಿಯೇಷನ್ ಕೊಟ್ಟ ಎದೆಯ ಗಾಯ ಮಾತ್ರ ಇನ್ನೂ ಹಸಿ. ಡಾಕ್ಟರಮ್ಮ ಕಾಗದದ ಮೇಲೆ ಗೀಚಿ ತೋರಿಸಿದರು.

“ಬೆನ್ನಿಂದ ಒಂದು ತುಂಡು ಚರ್ಮ, ಮಾಂಸ ಬಿಡಿಸಿ, ಕಂಕುಳ ಕೆಳಗಿಂದ ಮುಂದಕ್ಕೆ ತಂದು ಕೂರಿಸ್ತೀವಿ. ಫ್ಲ್ಯಾಪ್ ಅಂತೀವಿ. ಕಂಕುಳಲ್ಲಿರೋ ರಕ್ತನಾಳ ಮಾತ್ರ ಕತ್ತರಿಸಲ್ಲ. ಅದೇ ಅದರ ಜೀವ.”

ತೇಪೆ ಹಾಕುವುದನ್ನು ನನಗೆ ಹೇಳಿಕೊಡುತ್ತಾರೆ!

“ಮನೇಲಿ ಬೆನ್ನಿನ ಗಾಯ ನೋಡ್ಕೊಳ್ಳೋರು ಯಾರಿದ್ದಾರೆ?”

“ನಮ್ಮ ಮನೆಯವರಿದ್ದಾರೆ” ಅಂದುಬಿಟ್ಟೆ. ಇವರು ತೀರಿಹೋಗಿ ನಾಲ್ಕು ವರ್ಷ. ಯಾಕೆ ಹಾಗೆ ಬಾಯಿಗೆ ಬಂತೋ.

ಮಾರ್ಚ್ 10, ಸಂಜೆ
ನಾಳೆ ಆಪರೇಷನ್. ಬೆನ್ನಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದರು. ಸೀಮೆಸುಣ್ಣದಲ್ಲಿ ಊರವರ ಬಟ್ಟೆಗೆಲ್ಲ ಗುರುತು ಹಾಕಿದವಳು ನಾನು, ಇವತ್ತು ನಾನೇ ಬಟ್ಟೆ.

ಸರಿಯಾಗಿ ಅದೇ ಜಾಗ. ಮೆಷಿನ್ ಮುಂದೆ ಬಗ್ಗಿ ಕೂತಿದ್ದರೆ ಇವರು ಹಿಂದಿನಿಂದ ಬಂದು ಅಲ್ಲೇ ಅಂಗೈ ಇಡುತ್ತಿದ್ದರು. “ಸಾಕು, ಏಳೇ.”

ಮಾರ್ಚ್ 14
ಗಂಟೆಗೊಮ್ಮೆ ನರ್ಸ್ ಬಂದು ಎದೆಯ ಹೊಸ ಚರ್ಮ ಒತ್ತುತ್ತಾಳೆ. ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ಬದುಕಿದೆ ಅಂತ ಅರ್ಥ.

“ನನಗೆ ಏನೂ ಗೊತ್ತಾಗ್ತಿಲ್ಲವಲ್ಲಮ್ಮ” ಎಂದೆ.

“ಈಗ ಜೋಮು ಹಿಡಿದಿರುತ್ತೆ ಆಂಟಿ. ಆಮೇಲಾಮೇಲೆ ಕೆಲವರಿಗೆ ಎದೆ ಮುಟ್ಟಿದ್ರೆ ಬೆನ್ನು ಮುಟ್ಟಿದ ಹಾಗಾಗುತ್ತಂತೆ. ಚರ್ಮಕ್ಕೆ ಮನೆ ಬದಲಾಗಿದ್ದು ಗೊತ್ತಿರಲ್ಲ, ನೋಡಿ.”

ಮಾರ್ಚ್ 20
ಮನೆ. ಅಂಗಡಿಯ ಟ್ರಯಲ್ ರೂಮಿನ ಕನ್ನಡಿ ತಂದು ಗೋಡೆಗೆ ಒರಗಿಸಿ, ಕೈಗನ್ನಡಿ ಹಿಡಿದು ಬೆನ್ನಿನ ಹೊಲಿಗೆ ನೋಡಿಕೊಂಡೆ. ಉದ್ದ, ನೇರ. ಪರವಾಗಿಲ್ಲ, ಹೊಲಿದ ಕೈ ಒಳ್ಳೆಯದು. ಆದರೆ ಆಸ್ಪತ್ರೆಯವರು ಕಟ್ಟಿದ ಪಟ್ಟಿ ಜೋಲಾಡುತ್ತದೆ. ನೋಡಲು ಆಗದೆ ನಾನೇ ಒಂದು ಒಳಅಂಗಿ ಹೊಲಿದೆ. ಕಂಕುಳ ಹತ್ತಿರ ಅರ್ಧ ಇಂಚು ಒಳಗೆ ಹಿಡಿದೆ. ಎಲ್ಲೂ ಒಂದು ಸುಕ್ಕಿಲ್ಲ!

ಮಾರ್ಚ್ 22
ಹೊಸ ಚರ್ಮ ನೀಲಿಗಟ್ಟಿದೆ. ಆಟೋದಲ್ಲಿ ಓಡಿದೆ.

ಡಾಕ್ಟರಮ್ಮ ಒಳಅಂಗಿಯನ್ನು ಕತ್ತರಿಯಿಂದ ಸೀಳಿದರು. “ಯಾರು ಹೊಲಿದದ್ದು ಇದನ್ನ?”

“ನಾನೇ.”

“ಕಂಕುಳಲ್ಲೇ ಬಿಗಿದಿದ್ದೀರಲ್ಲ, ರಕ್ತ ಹೇಗೆ ಓಡಾಡುತ್ತಮ್ಮಾ? ನಿಮ್ಮ ಯಜಮಾನ್ರಾದ್ರೂ ನೋಡಬಾರದಾ?”

“ಅವರಿಲ್ಲ ಡಾಕ್ಟ್ರೇ. ನಾಲ್ಕು ವರ್ಷ ಆಯ್ತು. ಸುಳ್ಳು ಹೇಳಿದೆ.”

ಅವರು ಬೈಯಲಿಲ್ಲ. ಬೈದಿದ್ದರೆ ಅಳು ಬರುತ್ತಿರಲಿಲ್ಲ. ಈ ಚರ್ಮ ಸತ್ತರೆ ಇವರು ಕೈ ಇಡುತ್ತಿದ್ದ ಜಾಗವೂ ಹೋಯಿತು. ಅದನ್ನು ಯಾರಿಗೆ ಹೇಳಲಿ?

ಮಾರ್ಚ್ 29
ಅಂಚಿನಲ್ಲಿ ಒಂದು ಬೆರಳಗಲ ಕಪ್ಪಾಗಿ ಹೋಯಿತು. ಉಳಿದದ್ದು ಒತ್ತಿದರೆ ಕೆಂಪೇರುತ್ತಿದೆ. ಬೆನ್ನು ನೋಡಲು ನರ್ಸ್ ದಿನಾ ಬರಹೇಳಿದ್ದಾಳೆ. ಇನ್ನು ಮೇಲೆ ಸಡಿಲ ಅಂಗಿಯೇ.

ಅಕ್ಟೋಬರ್ 9, ಮಧ್ಯಾಹ್ನ
ಆರು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಗಾಯ ಕೂಡಿದೆ. ಕೋಟು ಹೊಲಿಯುತ್ತೇನೆ, ಊಟ ಮಾಡುತ್ತೇನೆ, ರೇಡಿಯೋಗೆ ಎದುರುತ್ತರ ಕೊಡುತ್ತೇನೆ.

ಈಗ ತಾನೆ ಮೆಷಿನ್ ಮುಂದೆ ಬಗ್ಗಿದ್ದೆ. ಎದೆಯ ಮೇಲೆ ನೂಲು ಅಂಟಿತ್ತು. ಕೊಡವಲು ಅಂಗೈ ಇಟ್ಟೆ. ಬೆನ್ನ ಮೇಲೆ ಕೈ ಇಟ್ಟ ಹಾಗಾಯಿತು. ತಿರುಗಿ ನೋಡಿದೆ. ಯಾರಿರುತ್ತಾರೆ...

ನರ್ಸ್ ಹೇಳಿದ್ದು ನೆನಪಾಯಿತು. ಮತ್ತೆ ಇಟ್ಟೆ. ಅಂಗೈ ಪೂರ್ತಿ, ಮೆಲ್ಲಗೆ. ಅದೇ ಜಾಗ. ಬಲಗೈ ಬರೆಯುತ್ತಿದೆ, ಎಡಗೈ ಇನ್ನೂ ಅಲ್ಲೇ ಇದೆ. ಹೊಲಿಗೆ ಅರ್ಧಕ್ಕೇ ಬಿದ್ದಿದೆ, ಬಿದ್ದಿರಲಿ. ಸಾಕು, ಏ—